ಅಮ್ಮನಿಗೆ ಕನ್ನಡಕ ಹಾಕೋದುಂಟೆ

ಬೇಡ ಮಗಳೇ, ಆ ಕಾಗದ ಈ ಗೋಡೆಗೆ ಬೇಡ… ಇಡು, ಅಂಟಿನ ಬಕೆಟ್ಟು ಕೆಳಗಿಡು ಮೊದಲು. ಬೇಕಾದರೆ ಬಸ್ ನಿಲ್ದಾಣದ ಗೋಡೆಗೆ ಅಂಟಿಸು, ಮೀನು ಪೇಟೆಗೆ ಅಂಟಿಸು, ಕೊಳ್ಳಿಡಂ ಸೇತುವೆಯ ಕಂಬಕಂಬಕ್ಕೂ ಅಂಟಿಸಿಕೊಂಡು ಹೋಗು, ಯಾರು ಬೇಡ ಅಂತಾರೆ? ಈ ಗೋಡೆ ಮಾತ್ರ ಬೇಡ. ಯಾಕೆ ಅಂದರೆ… ಯಾಕೆ ಅಂದರೆ ಇದು ಪೇಚ್ಚಿಯಮ್ಮಾಳ್ ಮನೆ ಗೋಡೆ, ಅದಕ್ಕೆ! ಪೇಚ್ಚಿಯಮ್ಮಾಳ್ ಅಂದರೆ ನಾನು. ಸಾಲದಾ?

ಅಯ್ಯೋ, ಮುಖ ಯಾಕೆ ಸಣ್ಣ ಮಾಡ್ಕೋತೀಯ. ಮುದುಕಿ ಮಾತು, ಗಾಳಿಗೆ ಬಿಡು. ಬೆಳಗಿನಿಂದ ತಗಡು ಬಡಿದು ಬಡಿದು ತಲೆಯೊಳಗೂ ಸುತ್ತಿಗೆ ಬೀಳ್ತಾ ಇದೆ. ಆಡಿ ತಿಂಗಳು, ಅಮ್ಮನ ತಿಂಗಳು, ಅದರ ಶುಕ್ರವಾರ ನೋಡು… ಹತ್ತು ಕೈ ಇದ್ದರೂ ಸಾಲದು, ನನಗಿರೋದು ಎರಡು, ಅದರಲ್ಲಿ ಒಂದು ಮಂಡಿ ಹಿಡಿದುಕೊಳ್ಳೋಕೇ ಬೇಕು. ಬಾ, ನೆರಳಿಗೆ ಬಾ. ಕೂತ್ಕೋ. ಆ ಮಣೆ ಮೇಲೆ ಬೇಡ! ಅದು… ಅದು ಬೇರೆ ಮಣೆ. ಇಲ್ಲಿ, ಗೋಣಿ ಮೇಲೆ ಕೂತ್ಕೋ. ಮಜ್ಜಿಗೆ ಕುಡಿ.

ಇವಾ? ಕಣ್ಣು. ತಗಡಿನ ಕಣ್ಣು. ಕಣ್ಣಿಗೆ ಕಷ್ಟ ಬಂದವರು ಹರಕೆ ಹೊತ್ತು ಜೋಡಿ ಕಣ್ಣು ಕೊಂಡುಹೋಗಿ ಅಮ್ಮನ ಪಾದಕ್ಕೆ ಹಾಕ್ತಾರೆ. ಸಾವಿರ ಕಣ್ಣಿನವಳು ನಮ್ಮ ಮಾರಿಯಮ್ಮ, ಆದರೂ ಇನ್ನೆರಡು ಕೊಟ್ಟರೆ ಬೇಡ ಅನ್ನಲ್ಲ! ಇದೂ ಗೊತ್ತಿಲ್ವಾ ನಿನಗೆ? ಎಲ್ಲಿಯವಳು? ನಾಗರಕೋಯಿಲ್… ಓ. ಎದೆ ಮೇಲಿನ ಬಿಲ್ಲೆಯಲ್ಲಿ ಏನು ಬರೆದಿದೆ, ಹೆಸರಾ? ಜೆಬಮಣಿ. ಒಳ್ಳೆ ಹೆಸರು. ಪ್ರಾರ್ಥನೆ ಅಂತಲ್ವಾ ಅರ್ಥ? ಹಾಂ, ಗೊತ್ತು ನನಗೆ. ನಿಮ್ಮ ಗುಡಿಯಲ್ಲೂ ಮೇಣದ ಬತ್ತಿ ಹಚ್ಚಿ ಅಳ್ತೀರ, ನಮ್ಮಲ್ಲೂ ಹಿಟ್ಟಿನ ದೀಪ ಹಚ್ಚಿ ಅಳ್ತೀವಿ. ಕಣ್ಣೀರು ಒಂದೇ ಉಪ್ಪು.

ನೋಡು, ಈ ಅಚ್ಚು ನನ್ನ ಗಂಡನದು. ಸೀಸದ ಮೇಲೆ ತಗಡಿಟ್ಟು, ಅಚ್ಚಿಟ್ಟು, ಒಂದೇ ಪೆಟ್ಟು. ಎರಡನೇ ಪೆಟ್ಟು ಬಿತ್ತೋ, ಪಾಪೆ ಸರಿದುಹೋಗ್ತದೆ. ಪಾಪೆ ಸರಿದ ಕಣ್ಣನ್ನ ಯಾರೂ ಕೊಳ್ಳಲ್ಲ. ನಡುಮಧ್ಯೆ ಕೂತಿರಬೇಕು, ನೆಟ್ಟಗೆ ನೋಡ್ತಿರಬೇಕು… ಹೂಂ. ಕುಡಿ, ಕುಡಿ.

ಕಣ್ಣಾಸ್ಪತ್ರೆಯ ಆ ಮೈಕಿನ ಗಾಡಿ ನಿಮ್ಮದೇನಾ? ಗುಡಿಯ ಕಮಾನಿನ ಹತ್ತಿರ ಕೂಗ್ತಾ ಇದೆಯಲ್ಲ, ಕಣ್ಣು ಅಲುಗಾಡುವ ಮಕ್ಕಳಿದ್ದರೆ ಕರೆತನ್ನಿ ಅಂತ? ಈ ಬೀದಿಗೂ ಬರ್ತದಾ? ಹನ್ನೊಂದಕ್ಕಾ! ಹನ್ನೊಂದಕ್ಕೆ ಬೇಡ ಕಣಮ್ಮ… ಹನ್ನೊಂದಕ್ಕೆ ಈ ಅಂಗಳದಲ್ಲಿ ಕಾಲಿಡೋಕೆ ಜಾಗ ಇರಲ್ಲ. ನೋಡು, ಬೇವಿನ ಮರದ ಕೆಳಗೆ ಆಗಲೇ ಮೂರು ಜನ ಬಂದು ಕೂತಿದಾರೆ. ಅವರು ತಗಡು ಕೊಳ್ಳೋಕೆ ಬಂದವರಲ್ಲ. ಇರು, ಹೇಳ್ತೀನಿ. ಮೊದಲು ಆ ಕಾಗದ ಓದು. ನನಗೆ ಅಕ್ಷರ ಬರಲ್ಲ.

ಏನಂದೆ? ನಿಸ್… ನಿಸ್ಟಾಗ್… ಬಿಡು, ಹಲ್ಲಿಲ್ಲದ ಬಾಯಿಗೆ ಅದು ಬರಲ್ಲ. ಕಣ್ಣು ತೂಗಾಟ ಅನ್ನು, ಸಾಕು. ಹೂಂ… "ಇದು ಶಾಪವಲ್ಲ." ಸರಿ. "ಇದು ಕೆಟ್ಟ ಕಣ್ಣಲ್ಲ, ಇಂಥ ಮಗು ನೋಡಿದರೆ ಯಾರಿಗೂ ಕೇಡಾಗದು." ಸರಿ, ಸರಿ, ಅದನ್ನ ದೊಡ್ಡಕ್ಷರದಲ್ಲಿ ಬರೀಬೇಕಿತ್ತು. ಮುಂದೆ? "ಇದು ಮೈಮೇಲೆ ಸಾಮಿ ಬರುವುದೂ…"

ನಿಲ್ಲಿಸು.

ಆ ಸಾಲು ಯಾರು ಬರೆದಿದ್ದು? ನೀನಾ?… ನೀನೇನಾ. ಯಾಕೆ ತಾಯಿ? ಯಾರ ಮನೆಯ ದೀಪ ನಿನ್ನ ಕಣ್ಣಿಗೆ ಚುಚ್ಚಿತು?

ಇಲ್ಲ, ನಾನು ಕೂಗ್ತಾ ಇಲ್ಲ. ನನಗೆ ಕೂಗೋ ಶಕ್ತಿ ಎಲ್ಲಿದೆ. ಕೇಳು. ಈ ಮನೆಯಲ್ಲಿ ನನ್ನ ಮೊಮ್ಮಗಳಿದಾಳೆ. ಮಗಳ ಮಗಳು. ಹನ್ನೊಂದು ವರ್ಷ. ನನ್ನ ಮಗಳು ಕಾಮಾಲೆಯಲ್ಲಿ ಹೋದಳು, ಆಗ ಈ ಮಗುವಿಗೆ ಮೂರು. ಅಪ್ಪ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋದವನು ಅಲ್ಲೇ ಇನ್ನೊಬ್ಬಳನ್ನ ಕಟ್ಟಿಕೊಂಡ. ಹೋಗಲಿ, ಚೆನ್ನಾಗಿರಲಿ. ಆ ಮಗುವಿನ ಕಣ್ಣು ಹುಟ್ಟಿದಾಗಿನಿಂದ… ಹೀಗೆ, ಹೀಗೆ, ಅತ್ತ ಇತ್ತ… ಅವಳ ಮೇಲೆ ಅಮ್ಮ ಬರ್ತಾಳೆ. ಶುಕ್ರವಾರ ಶುಕ್ರವಾರ, ಮಧ್ಯಾಹ್ನದ ಉಚ್ಚಿ ಪೂಜೆಗೆ ಮುಂಚೆ. ಆ ಮಣೆ ಅವಳದು. ಊರೇ ಬರ್ತದೆ. ಲಾಲ್‌ಗುಡಿಯಿಂದ ಬರ್ತಾರೆ, ಮುಸಿರಿಯಿಂದ ಬರ್ತಾರೆ. ದಕ್ಷಿಣೆ ಮುಟ್ಟಲ್ಲ ನಾವು, ಒಂದು ನಿಂಬೆಹಣ್ಣು, ಒಂದು ಹಿಡಿ ಬೇವು, ಅಷ್ಟೇ. ಈಗ ಹೇಳು. ಆ ಗೋಡೆ ಮೇಲೆ ನಿನ್ನ ಆ ಸಾಲು ಅಂಟಿಸಿದರೆ ನನ್ನ ಮಗುವಿನ ಗತಿ ಏನು?

ಬೆವರು ಒರೆಸ್ಕೋ. ಇಷ್ಟು ಬಿಸಿಲಲ್ಲಿ ಆ ಕಪ್ಪು ಕನ್ನಡಕ ಬೇರೆ… ತೆಗಿ ಅದನ್ನ, ಮುಖಕ್ಕೆ ನೀರು ಹಾಕ್ಕೋ, ತಂಬಿಗೆ ಅಲ್ಲೇ ಇದೆ…

ಅಯ್ಯೋ.

ಅಯ್ಯೋ ತಾಯೇ… ತಾಯೇ! ನಿನ್ನ ಕಣ್ಣೂ ಅತ್ತ ಇತ್ತ… ಸಮಯಕ್ಕೆ ಬಂದೆಯಾ ತಾಯೇ, ಬಕೆಟ್ಟು ಹಿಡಕೊಂಡು ಬಂದೆಯಾ ನನ್ನ ಪರೀಕ್ಷೆ ಮಾಡೋಕೆ…

ಯಾಕೆ ನಗ್ತೀಯ? ಕೈ ಮುಗಿದರೆ ನಗೋದಾ? ಬಿಡು, ಕೈ ಬಿಡು ನನ್ನದು. ನಿನ್ನ ಮೇಲೂ ಬರ್ತಾಳಾ ಹಾಗಾದರೆ? ಇಲ್ವಾ. ಒಂದು ಸಲಾನೂ? ಅಮ್ಮ ಬೇಡ, ನಿಮ್ಮ ದೇವರು? ನಿಮ್ಮ ಗುಡಿಯ ತಾಯಿ, ಮಾದಾವು? ಯಾರೂ ಇಲ್ವಾ… ಬರೀ ಕಣ್ಣಾ. ನಿಮ್ಮಪ್ಪನಿಗೂ ಹೀಗೇ ಇತ್ತಾ? ಅವರು ಏನು ಮಾಡ್ತಿದ್ದರು? ಹೊಲಿಗೆ! ಈ ಕಣ್ಣಲ್ಲಿ ಸೂಜಿಗೆ ದಾರ ಪೋಣಿಸ್ತಿದ್ದರಾ? ಓ, ದಾರ ನೀನು ಪೋಣಿಸ್ತಿದ್ದೆ. ಇಬ್ಬರೂ ತಲೆ ವಾಲಿಸ್ಕೊಂಡು… ಹ್ಹ! ಒಳ್ಳೆ ಅಪ್ಪ, ಒಳ್ಳೆ ಮಗಳು.

ಒಂದು ಕೇಳಲಾ? ನಿನಗೆ ನಾನು ಅಲುಗಾಡ್ತೀನಾ? ಇಲ್ವಾ? ಈ ಕಂಬ? ಆ ಬೇವಿನ ಮರ? ಎಲ್ಲ ನೆಟ್ಟಗೇ ನಿಂತಿದೆಯಾ? ಮಸುಕು, ಅಷ್ಟೇ. ಹುಟ್ಟಿದಾಗಿನಿಂದ ಇರೋರಿಗೆ ಲೋಕ ಅಲುಗಾಡಲ್ವಾ… ಅಯ್ಯಪ್ಪ! ಇಷ್ಟು ವರ್ಷ ನಾನು, ಪಾಪ ಈ ಕೂಸಿಗೆ ಊರೆಲ್ಲ ಉಯ್ಯಾಲೆ ಹಾಗೆ ಕಾಣ್ತದೇನೋ, ತಲೆ ಸುತ್ತಿ ಬಿದ್ದುಬಿಟ್ಟಾಳೇನೋ ಅಂತ ರಾತ್ರಿಯೆಲ್ಲ…

ಏನು ಹಾಗೆ ನೋಡ್ತೀಯ? ಮಾತಿಗೆ ಅಂದೆ. ಅಮ್ಮ ಬರೋ ಕಣ್ಣಾದರೂ ಕಣ್ಣೇ ಅಲ್ವಾ? ಮಾತಲ್ಲಿ ಹಿಡೀಬೇಡ ನನ್ನನ್ನ.

ಹೇಗೆ ಶುರುವಾಯಿತು ಅಂತ ಹೇಳ್ತೀನಿ, ಆಮೇಲೆ ನೀನೇ ನ್ಯಾಯ ಹೇಳು. ಆರು ವರ್ಷದ ಹಿಂದೆ, ಇದೇ ಆಡಿ ತಿಂಗಳು. ಅದಕ್ಕೆ ಮೊದಲು ಈ ಬೀದಿಯ ಮಕ್ಕಳು ಅವಳನ್ನ ಏನಂತ ಕರೀತಿದ್ದರು ಗೊತ್ತಾ? ಗೋಡೆ ಗಡಿಯಾರ. "ಏ ಗಡಿಯಾರ, ಗಂಟೆ ಎಷ್ಟೇ?" ಅಂತ. ಅವಳು ಮೊದಮೊದಲು ನಗ್ತಿದ್ದಳು, ಆಟ ಅಂದುಕೊಂಡು. ಎದುರುಮನೆ ಕರುಪ್ಪಾಯಿ ತನ್ನ ಸೊಸೆಗೆ ಬಳೆ ತೊಡಿಸೋ ಶಾಸ್ತ್ರ ಮಾಡಿದಳು, ಬೀದಿಗೆಲ್ಲ ಐದು ಥರ ಚಿತ್ರಾನ್ನ. ನನ್ನ ಮಗು ಹೊಸ ಲಂಗ ಹಾಕ್ಕೊಂಡು ಹೊಸಿಲ ಮೇಲೆ ನಿಂತಿದ್ದಳು. "ಈ ಪಿಶಾಚಿ ಕಣ್ಣು ನನ್ನ ಸೊಸೆ ಹೊಟ್ಟೆ ಮೇಲೆ ಬೀಳಬಾರದು, ಎತ್ತಿಕೊಂಡು ಹೋಗು ಪೇಚ್ಚೀ" ಅಂದಳು ನನಗೆ, ಅಷ್ಟು ಜನರ ಮುಂದೆ. ಎತ್ತಿಕೊಂಡು ಬಂದೆ. ಏನು ಮಾಡಲಿ? ಒಲೆ ಮುಂದೆ ಕೂತು ಅವಳಿಗೆ ಅನ್ನ ಮೊಸರು ತಿನ್ನಿಸಿದೆ. "ಅಮ್ಮಾಯಿ, ಪಿಶಾಚಿ ಕಣ್ಣಂದ್ರೆ ಎಂಥದು?" ಅಂತ ಕೇಳಿದಳು, ಅಜ್ಜಿಗೆ ಅಮ್ಮಾಯಿ ಅಂತಾಳೆ ಅವಳು. ಐದು ವರ್ಷದ ಮಗು.

ಆಮೇಲೆ ಆ ಶುಕ್ರವಾರ. ಬೇವಿನ ಮರದ ಕೆಳಗೆ ಅಂಬಲಿ ಹುಯ್ಯೋ ದಿನ. ಡಮರುಗದಂಥ ಉಡುಕ್ಕೆ ಬಡೀತಾ ಇದ್ದರು, ಹೊಗೆ, ಕೂಗು. ಮಗು ಹೆದರಿ ಅಂಬಲಿ ಗಡಿಗೆ ಪಕ್ಕ ಮುದುಡಿ ಕೂತಿತ್ತು, ಜಡೆ ಬಿಚ್ಚಿಹೋಗಿತ್ತು. ಹೆದರಿದರೆ ಅವಳ ಕಣ್ಣು ಇನ್ನೂ ಜೋರಾಗಿ ಓಡ್ತದೆ… ನಿನಗೂ ಹಾಗೇನಾ? ಹೂಂ. ಕರುಪ್ಪಾಯಿ ಅಂಬಲಿಗೆ ಅಂತ ಬಗ್ಗಿದಳು. ಮಗು ತಲೆಯನ್ನ ಹೀಗೆ ಎಡಕ್ಕೆ ವಾಲಿಸಿತು, ಗಲ್ಲ ಎತ್ತಿತು… ಕಣ್ಣು ನಿಂತುಹೋಯಿತು! ದೀಪದ ಕುಡಿ ಗಾಳಿ ನಿಂತಾಗ ನಿಲ್ಲೋ ಹಾಗೆ. ಕರುಪ್ಪಾಯಿ ಮುಖವನ್ನೇ ನೆಟ್ಟಗೆ ನೋಡಿ, "ನೀನು ಅತ್ತಿದೀಯ" ಅಂದಳು. ಅಷ್ಟೇ. ಎರಡು ಮಾತು. ಕರುಪ್ಪಾಯಿ ಸೊಸೆಗೆ ಹಿಂದಿನ ರಾತ್ರಿ ಗರ್ಭ ಇಳಿದುಹೋಗಿತ್ತು, ಯಾರಿಗೂ ಹೇಳಿರಲಿಲ್ಲ. ಧಡ್ ಅಂತ ಕಾಲಿಗೆ ಬಿದ್ದಳು. "ತಾಯೇ, ತಪ್ಪಾಯಿತು, ನಿನ್ನನ್ನ ಹೊಸಿಲಿಂದ ಓಡಿಸಿದೆ!" ಅಂತ ನೆಲಕ್ಕೆ ತಲೆ ಚಚ್ಚಿಕೊಂಡಳು. ಉಡುಕ್ಕೆಯವನು ಬಡಿಯೋದು ಬಿಟ್ಟು ಕೈ ಮುಗಿದ. ಊರಿಗೆ ಊರೇ ಕೈ ಮುಗಿಯಿತು. ನಾನೂ ಮುಗಿದೆ, ಯಾಕೆ ಸುಳ್ಳು ಹೇಳಲಿ.

ಮಾರನೇ ದಿನದಿಂದ ಗಡಿಯಾರ ಅನ್ನೋರೇ ಇಲ್ಲ. ಇದನ್ನ ಯೋಚನೆ ಮಾಡು ಮಗಳೇ. ಮುಗಿದ ಕೈಯಲ್ಲಿ ಕಲ್ಲು ಹಿಡಿಯೋಕಾಗಲ್ಲ.

ಇಲ್ಲ, ಭವಿಷ್ಯ ಗಿವಿಷ್ಯ ಹೇಳಲ್ಲ ಅವಳು. ಕಂಡದ್ದು ಹೇಳ್ತಾಳೆ, ಅಷ್ಟೇ. ಹತ್ತಿರ ಕರೀತಾಳೆ, ಮೂಗಿಗೆ ಮೂಗು ತಾಗೋಷ್ಟು ಹತ್ತಿರ. ತಲೆ ವಾಲಿಸಿ ನೋಡ್ತಾಳೆ. "ನಿನ್ನ ಮೂಗುತಿ ಎಲ್ಲಿ?" ಅಂತಾಳೆ. ಗಂಡ ಅಡವಿಟ್ಟಿರ್ತಾನೆ, ಅವಳು ಗೊಳೋ ಅಂತ ಅಳ್ತಾಳೆ. "ನಿನ್ನ ಹುಬ್ಬಿನ ಹತ್ತಿರ ಗಾಯ ಆಗಿದೆ" ಅಂತಾಳೆ. ಯಾರು ಹೊಡೆದರು ಅಂತ ಅವಳು ಕೇಳಲ್ಲ, ಬಂದವಳೇ ಹೇಳಿಕೊಳ್ತಾಳೆ. ಒಬ್ಬ ಪೊಲೀಸು ಬಂದಿದ್ದ, ಇಷ್ಟು ದಪ್ಪ ಮೀಸೆ. "ನಿನ್ನ ಮೀಸೆಗೆ ಬಣ್ಣ ಹಚ್ಚಿದೀಯ" ಅಂದುಬಿಟ್ಟಳು! ನಗು, ನಗು, ನಾನೂ ಸೆರಗು ಕಚ್ಚಿಕೊಂಡೆ. ಅವನು ಹೋಗಿ ಮೀಸೆ ಬೋಳಿಸಿಕೊಂಡು ಬಂದು ಕೈ ಮುಗಿದ.

ಶಾಲೆಯಾ? ಹೋಗಿದ್ದಳು. ಒಂದನೇ ತರಗತಿ, ಎರಡು ತಿಂಗಳು. ಅಮ್ಮ ಬರೋ ಮಗುವನ್ನ ಬೆಂಚಿನ ಮೇಲೆ ಕೂರಿಸಿ ಅ ಆ ಬರೆಸ್ತಾರಾ? ಬಿಡಿಸಿದೆ. ಟೀಚರಾ? ಯಾವ ಟೀಚರು… ಅವರು ಏನೂ ಹೇಳಲಿಲ್ಲ. ಇಲ್ಲಮ್ಮ, ಯಾರೂ ಏನೂ ಹೇಳಲಿಲ್ಲ. ಕಣ್ಣಿನ ರೋಗ ಅಂತ ಗೊತ್ತಿದ್ದರೆ ಕರ್ಕೊಂಡು ಹೋಗ್ತಿರಲಿಲ್ವಾ? ಹೆತ್ತ ಮಗಳ ಮಗು. ತಿರುಚ್ಚಿ ಎಷ್ಟು ದೂರ, ಅರ್ಧ ಗಂಟೆ. ನಾವು ಓದದವರು, ನಮಗೆ ಯಾರು ಹೇಳ್ತಾರೆ…

ಅದೇನು ಚೀಲದಿಂದ ತೆಗೆದದ್ದು? ಹಳದಿ ಚೀಟಿ. ನನಗೆ ಯಾಕೆ ತೋರಿಸ್ತೀಯ, ಅಕ್ಷರ ಬರಲ್ಲ ಅಂದೆನಲ್ಲ. ಕೆಳಗಡೆ… ಹೆಬ್ಬೆಟ್ಟು. ಹೂಂ, ಹೆಬ್ಬೆಟ್ಟು ಯಾರದಾದರೂ ಇರಬಹುದು. ಊರಲ್ಲಿ ನಾನೊಬ್ಬಳೇನಾ ಹೆಬ್ಬೆಟ್ಟು?

…ನಡುವೆ ಅಡ್ಡ ಗೆರೆ. ಹೌದು. ಅಚ್ಚು ಜಾರಿ ನನ್ನ ಹೆಬ್ಬೆರಳು ಕತ್ತರಿಸಿದ್ದು. ಮದುವೆಯಾದ ವರ್ಷ.

ಆಸ್ಪತ್ರೆಯಲ್ಲಿ ಆರು ವರ್ಷ ಇಟ್ಟಿದ್ದರಾ ಇದನ್ನ? ಇಷ್ಟು ಮಕ್ಕಳು ಬಂದು ಹೋಗೋ ಜಾಗದಲ್ಲಿ? ಮತ್ತೆ ಬರದೇ ಹೋದ ಮಕ್ಕಳನ್ನ ಹುಡುಕಿಕೊಂಡು ಹೊರಟಿದೀಯಾ ನೀನು. ಒಬ್ಬೊಬ್ಬರನ್ನೂ. ಹಾಗಾದರೆ ಗೋಡೆಗೆ ಬಂದವಳಲ್ಲ ನೀನು. ಮನೆಗೇ ಬಂದವಳು.

ಸರಿ. ಹೋಗಿದ್ದೆ. ಹೋಗಿದ್ದೆ ಕಣಮ್ಮ. ಟೀಚರಮ್ಮ ಹೇಳಿದ್ದರು. ಒಳ್ಳೇ ಹೆಂಗಸು, ತಾವೇ ಚೀಟಿ ಬರೆದುಕೊಟ್ಟರು. "ಪೇಚ್ಚಿಯಮ್ಮಾ, ಮಗು ದಡ್ಡಿಯಲ್ಲ, ಮುಂದಿನ ಬೆಂಚಲ್ಲಿ ಕೂರಿಸ್ತೀನಿ, ತಲೆ ವಾಲಿಸಿದರೆ ವಾಲಿಸಲಿ ಬಿಡಿ, ನೆಟ್ಟಗೆ ಮಾಡಬೇಡಿ, ಹಾಗೆ ನೋಡಿದರೇ ಅವಳಿಗೆ ಚೆನ್ನಾಗಿ ಕಾಣೋದು" ಅಂದರು. ನಾನು ತಲೆ ಬಾಚುವಾಗ ದಿನಾ ಕತ್ತು ಹಿಡಿದು ನೆಟ್ಟಗೆ ಮಾಡ್ತಿದ್ದೆ, ಅವತ್ತಿಂದ ಬಿಟ್ಟೆ. ಬುಧವಾರ ಆಸ್ಪತ್ರೆಗೆ ಕರ್ಕೊಂಡು ಹೋದೆ. ವೈದ್ಯರು ಸಣ್ಣ ದೀಪ ಹಿಡಿದು ನೋಡಿದರು. ಪೂರ್ತಿ ವಾಸಿಯಾಗೋದಲ್ಲ, ಆದರೆ ಕನ್ನಡಕ ಹಾಕಿದರೆ ಓದ್ತಾಳೆ, ಬರೀತಾಳೆ, ದುಡೀತಾಳೆ ಅಂದರು. ಶನಿವಾರ ಬಂದು ಕನ್ನಡಕ ತಗೊಂಡು ಹೋಗಿ ಅಂದರು. ಬುಧವಾರಕ್ಕೂ ಶನಿವಾರಕ್ಕೂ ನಡುವೆ ಆ ಶುಕ್ರವಾರ ಬಂತು.

ಶನಿವಾರ ಹೋಗಿ ತಂದೆ. ತಂದೆ, ಆಣೆಗೂ ತಂದೆ! ಇಗೋ, ಈ ಅಚ್ಚಿನ ಪೆಟ್ಟಿಗೆಯಲ್ಲೇ ಇದೆ… ಇರು… ನೋಡು. ಕೆಂಪು ಚೌಕಟ್ಟು, ಅವಳೇ ಆರಿಸಿದ್ದು. ಬಸ್ಸಿಳಿದು ಈ ಬೀದಿಗೆ ಬಂದರೆ ಬಾಗಿಲ ಮುಂದೆ ನಲವತ್ತು ಜನ. ಕರುಪ್ಪಾಯಿ ಮಗುವನ್ನ ಆ ಮಣೆ ಮೇಲೆ ಕೂರಿಸಿ ಕಾಲಿಗೆ ಅರಿಶಿನ ನೀರು ಹುಯ್ತಾ ಇದ್ದಳು. ಪಿಶಾಚಿ ಅಂದ ಬಾಯಲ್ಲೇ ತಾಯೇ ತಾಯೇ ಅಂತಾ ಇದ್ದಳು. ಕನ್ನಡಕ ನನ್ನ ಸೊಂಟದಲ್ಲಿತ್ತು. ಹೇಳು, ನೀನೇ ಹೇಳು, ಅಮ್ಮನಿಗೆ ಕನ್ನಡಕ ಹಾಕೋದುಂಟೆ? ಹಾಕಿದ್ದರೆ ಮರುಗಳಿಗೆ ಅವಳು ಮತ್ತೆ ಗಡಿಯಾರ. ಬರೀ ಗಡಿಯಾರ ಅಲ್ಲ, ಊರಿಗೆ ಮೋಸ ಮಾಡಿದ ಗಡಿಯಾರ. ನಾನು ಎಷ್ಟು ದಿನ ಬದುಕ್ತೀನಿ? ನಾನು ಹೋದ ಮೇಲೆ ತಾಯಿಯಿಲ್ಲದ, ಅಪ್ಪನಿಲ್ಲದ, ಕಣ್ಣು ಹೀಗಿರೋ ಹೆಣ್ಣನ್ನ ಯಾರು ಮನೆಗೆ ಸೇರಿಸ್ತಾರೆ? ಅಮ್ಮನಾದರೆ ಎಲ್ಲ ಬಾಗಿಲೂ ತೆಗೀತವೆ. ಅದಕ್ಕೇ ಪೆಟ್ಟಿಗೆಗೆ ಹಾಕಿದೆ. ಇಷ್ಟೇ ನಾನು ಬಚ್ಚಿಟ್ಟದ್ದು. ಕನ್ನಡಕ ಒಂದೇ. ಇನ್ನೇನೂ ಇಲ್ಲ.

ಇಲ್ಲ ಅಂದೆನಲ್ಲ. ಮಗು ಒಪ್ಪಿಕೊಂಡೇ ಕೂರ್ತದೆ, ಒಂದು ದಿನಾನೂ ಅತ್ತಿಲ್ಲ, ಬೇಡ ಅಂದಿಲ್ಲ.

ಈಗ ನ್ಯಾಯ ಹೇಳು ಮಗಳೇ. ಬೈಯಿ ಬೇಕಾದರೆ.

ಹಾಗೆ ತಲೆ ವಾಲಿಸಿ ನೋಡಬೇಡ ನನ್ನ. ಬೇಡ. ಇನ್ನೊಂದು ಲೋಟ ಮಜ್ಜಿಗೆ ಕೊಡಲಾ? ಬೇಡವಾ…

…ಹೇಳಿದ್ದಳು.

ಒಂದೇ ಸಲ ಹೇಳಿದ್ದಳು. ಮೂರನೇ ಶುಕ್ರವಾರ ಮುಗಿದ ಮೇಲೆ, ತಲೆಗೆ ಎಣ್ಣೆ ಹಚ್ಚುವಾಗ. "ಅಮ್ಮಾಯಿ, ನನ್ನ ಮೇಲೆ ಯಾರೂ ಬರಲ್ಲ. ಹೀಗೆ ವಾಲಿಸಿದರೆ ಮುಖ ಚೆನ್ನಾಗಿ ಕಾಣ್ತದೆ, ಅದಕ್ಕೆ ವಾಲಿಸ್ತೀನಿ. ನಾಳೆ ಕನ್ನಡಕ ಹಾಕ್ಕೊಂಡು ಶಾಲೆಗೆ ಹೋಗಲಾ?" ಅಂದಳು. ನಾನು… ನನ್ನ ಕೈಯೆಲ್ಲ ಎಣ್ಣೆ. ಆ ಕೈಯಿಂದಲೇ ಅವಳ ಬಾಯಿ ಮುಚ್ಚಿದೆ. "ಇನ್ನೊಂದು ಸಲ ಹೀಗಂದರೆ ಅಮ್ಮನಿಗೆ ಸಿಟ್ಟು ಬರ್ತದೆ. ನಿಮ್ಮವ್ವನನ್ನ ಕರ್ಕೊಂಡ ಹಾಗೆ ನನ್ನನ್ನೂ ಕರ್ಕೊಂಡು ಹೋಗ್ತಾಳೆ. ಆಮೇಲೆ ನೀನು ಯಾರ ಜೊತೆ ಇರ್ತೀಯ?" ಅಂದೆ.

ಅಂದುಬಿಟ್ಟೆ.

ಅವಳು ಮತ್ತೆ ಕೇಳಲಿಲ್ಲ. ಆರು ವರ್ಷ. ನಾನು ಬದುಕಿರಬೇಕು ಅಂತ ಮಗು ಆ ಮಣೆ ಮೇಲೆ ಕೂರ್ತಾ ಇದೆ ಕಣೇ. ಒಂದೊಂದು ಶುಕ್ರವಾರವೂ ನನ್ನ ಉಸಿರಿಗೆ ಅಂತ ಕೂರ್ತಾ ಇದೆ. ನನಗೆ ಒಂದು ಕೆಮ್ಮು ಬಂದರೆ ಸಾಕು, ಅವತ್ತು ತಾನೇ ಎದ್ದು ಮಣೆ ತೊಳೀತಾಳೆ.

ನಮ್ಮಮ್ಮ ಸುಳ್ಳಲ್ಲ ಮಗಳೇ, ಹಾಗೆ ತಿಳೀಬೇಡ. ಅವಳು ಇದಾಳೆ. ಅವಳ ಹೆಸರು ಹೇಳಿ ಕೂಸಿನ ಬಾಯಿ ಮುಚ್ಚಿದವಳು ನಾನು. ಅವತ್ತಿಂದ ಗುಡಿಯೊಳಗೆ ಕಾಲಿಟ್ಟಿಲ್ಲ ನಾನು, ಗೊತ್ತಾ? ಊರಿಗೆಲ್ಲ ಕಣ್ಣು ಮಾಡಿಕೊಡ್ತೀನಿ, ಅವಳ ಕಣ್ಣು ನೋಡೋ ಧೈರ್ಯ ಇಲ್ಲ. ಆದರೂ ಸಿಟ್ಟು ಮಾಡಲಿಲ್ಲ ಅವಳು. ಕಾದಳು. ಕಾದು ಕಾದು ಸುಸ್ತಾಗಿ ನಿನ್ನನ್ನ ಕಳಿಸಿದಾಳೆ… ನಗಬೇಡ, ನಿನ್ನ ದೇವರೂ ನಮ್ಮಮ್ಮನೂ ನಮಗೆ ಗೊತ್ತಿಲ್ಲದ ಹಾಗೆ ಮಾತಾಡಿಕೊಳ್ತಾರೆ.

ಕೇಳಿಸ್ತಾ? ಉಡುಕ್ಕೆ ಶುರುವಾಯಿತು. ಅಂಗಳ ತುಂಬಿತು. ಇನ್ನು ನಾನು ಒಳಗೆ ಹೋಗಿ ಕರೀಬೇಕು. ನನಗೆ ಸಾಕಾಗಿದೆ ಮಗಳೇ, ಏಳೋಕೂ ಆಗ್ತಾ ಇಲ್ಲ. ಜನಕ್ಕೆ ನಾನು ಹೇಳ್ತೀನಿ. ನಾನೇ ಹೇಳ್ತೀನಿ, ಕರುಪ್ಪಾಯಿ ಮುಂದೆಯೇ ಹೇಳ್ತೀನಿ, ಬೈದರೆ ನನ್ನನ್ನ ಬೈಯಲಿ, ಉಗಿದರೆ ನನಗೆ ಉಗಿಯಲಿ. ನೀನು ಒಳಗೆ ಹೋಗು. ಆ ಕಪ್ಪು ಕನ್ನಡಕ ಹಾಕ್ಕೋಬೇಡ, ಹೀಗೇ ಹೋಗು, ನಿನ್ನ ಕಣ್ಣು ಅವಳು ನೋಡಲಿ. ಒಲೆ ಪಕ್ಕದ ಕೋಣೆ. ಕೂದಲು ಬಿಚ್ಚಿಕೊಂಡು ಕೂತಿರ್ತಾಳೆ. ನಾನು ಹೋದರೆ "ತಾಯೇ, ಬಾ" ಅಂತ ಕರೀತೀನಿ, ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ, ಅವಳು ಹಾಗೇ ಎದ್ದು ಬಂದುಬಿಡ್ತಾಳೆ. ನೀನು ಹೆಸರು ಹಿಡಿದು ಕರಿ. ಆರು ವರ್ಷದಿಂದ ಈ ಮನೆಯಲ್ಲಿ ಯಾರೂ ಕರೆದಿಲ್ಲ. ಕೂಡಲೇ ಬರದಿದ್ದರೆ ಇನ್ನೊಂದು ಸಲ ಕರಿ.

ಶೆಂಬಗಂ ಅಂತ.